ಹೆಸರಿನ ಜೊತೆ ಬರುವುದು

ಉತ್ತರದ ಹಿಮನಾಡಿನ ಕೌಟೊಕೈನೊ ಊರಿನ ಜನ ಕೂದಲು ಕತ್ತರಿಸಿಕೊಳ್ಳಲು ರವ್ನಾಳ ಸಲೂನಿಗೆ ಬರುತ್ತಿದ್ದರು ಎನ್ನುವುದು ಅರ್ಧ ಮಾತು. ಇನ್ನರ್ಧ, ಮನಸ್ಸಿನಲ್ಲಿದ್ದುದನ್ನು ಆಡಿ ಹಗುರಾಗಲು ಬರುತ್ತಿದ್ದರು. ಹಿಮಸಾರಂಗ ಕಾಯುವ ಗಂಡಸರು, ಹೊರಗೆ ಮೂರು ಮಾತಾಡಿದರೆ ಹೆಚ್ಚು ಎನ್ನುವಂಥವರು, ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡ ಕೂಡಲೇ ಹೆಂಡತಿಯ ಮುನಿಸು, ಮಂಡಿನೋವು, ಅಣ್ಣತಮ್ಮಂದಿರ ಹುಲ್ಲುಗಾವಲಿನ ಜಗಳ ಎಲ್ಲವನ್ನೂ ಕನ್ನಡಿಗೆ ಹೇಳುತ್ತಿದ್ದರು. ರವ್ನಾ "ಹೂಂ", "ಅಯ್ಯೋ", "ಆಮೇಲೆ?" ಎನ್ನುತ್ತ ಕತ್ತರಿ ಆಡಿಸುತ್ತಿದ್ದಳು. ಕೇಳಿದ್ದನ್ನೆಲ್ಲ ಸಂಜೆ ಕೂದಲಿನ ಜೊತೆಗೇ ಗುಡಿಸಿ ಹಾಕುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ.

ಅವಳಿಗೆ ಈಗ ಮೂವತ್ನಾಲ್ಕು. ಮೈ ತುಂಬಿಕೊಂಡ, ಗಟ್ಟಿಯಾಗಿ ನಗುವ ಹೆಂಗಸು. ಗಂಡ ಇಸ್ಸಾತ್ ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ವಾಹನ ಓಡಿಸುತ್ತಿದ್ದ, ಬೇಸಿಗೆಯಲ್ಲಿ ಹೊಳೆಯ ಪಕ್ಕ ಗಾಳ ಹಿಡಿದು ಕೂತು ಅದನ್ನೂ ಕೆಲಸ ಎನ್ನುತ್ತಿದ್ದ. ಇಬ್ಬರೂ ದಿನಕ್ಕೊಂದು ಸಣ್ಣ ಜಗಳ ಆಡಿ, ಊಟದ ಹೊತ್ತಿಗೆ ಮರೆತುಬಿಡುತ್ತಿದ್ದರು. ಕಾರಿನಲ್ಲಿ ಒಬ್ಬಳೇ ಇದ್ದಾಗ ರವ್ನಾ ಗಂಟಲು ಬಿಚ್ಚಿ ಹಾಡುತ್ತಿದ್ದಳು. ಸುಖವಾಗಿದ್ದಳು ಎಂದು ಧಾರಾಳವಾಗಿ ಹೇಳಬಹುದು.

ಆ ಆಗಸ್ಟಿನ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಅವಳ ತಾಯಿ ಗುಟ್ನೆಲ್ ಕೂತಿದ್ದಳು.

"ಜಾಸ್ತಿ ಕತ್ತರಿಸ್ಬೇಡ," ಎಂದಳು ಗುಟ್ನೆಲ್. "ಹೋದ್ಸಲ ಕುರಿ ತುಪ್ಪಟ ತೆಗೆದಂಗೆ ತೆಗೆದುಬಿಟ್ಟಿದ್ದೆ."

"ಚೆನ್ನಾಗಿತ್ತು ಅಂದ್ರಲ್ಲ ಎಲ್ರೂ."

"ಕುರೀನೂ ಚೆನ್ನಾಗೇ ಇರುತ್ತೆ." ಆಮೇಲೆ ಕನ್ನಡಿಯಲ್ಲಿ ಮಗಳ ಮುಖ ನೋಡದೆ ಹೇಳಿದಳು. "ಲೆಮೆತ್ ಮಗಳು ಸ್ಕೂಲಿಗೆ ಹೋಗ್ತಿಲ್ಲ ಕಣೇ. ಸ್ಕೂಲು ಶುರುವಾದಾಗಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಜುಲೈನಲ್ಲಿ ಕರುಗಳಿಗೆ ಕಿವಿಗುರುತು ಹಾಕೋಕೂ ಬರ್ಲಿಲ್ಲ. ಗೋಡೆ ಕಡೆ ತಿರುಗಿ ಮಲಗಿರ್ತಾಳೆ."

ರವ್ನಾಳ ಕೈ ನಿಧಾನವಾಯಿತು. "ಲೆಮೆತಣ್ಣ ಏನಂತಾನೆ?"

"ಅವನೇನಂತಾನೆ? ತಮಾಷೆ ಮಾಡ್ತಾನೆ. ಕರಡಿ ಕೂಡ ಏಪ್ರಿಲ್‌ನಲ್ಲಿ ಏಳುತ್ತೆ, ನೀನ್ಯಾವ ಪ್ರಾಣಿ ಅಂತಾನೆ. ನಿನ್ನೆ ಅಂತೂ, ಈ ಹೆಸರು ಇವಳಿಗೆ ಒಗ್ಗಲಿಲ್ಲ ಅಂತ ಕಾಣುತ್ತೆ, ಹಿಂದಿನೋರ ಥರ ತೊಳೆದು ಬೇರೆ ಹೆಸರು ಇಡೋಣ್ವಾ ಅಂದ."

ಕತ್ತರಿ ನಿಂತೇಬಿಟ್ಟಿತು.

"ತಮಾಷೆಗೆ ಅಂದಿದ್ದು," ಎಂದಳು ಗುಟ್ನೆಲ್ ಬೇಗ ಬೇಗ.

ತಮಾಷೆಯೆಂದು ರವ್ನಾಳಿಗೂ ಗೊತ್ತು. ನಮ್ಮ ಸಾಮಿ ಜನ ಮಕ್ಕಳನ್ನು ಬೆಳೆಸುವುದೇ ಕೆಣಕಿ ಕೆಣಕಿ. ಮಗು ಅಳದೆ ತಿರುಗಿ ಒಂದು ಮಾತು ಹಾಕಿದರೆ, ಸರಿ, ಇದು ಬದುಕಿಕೊಳ್ಳುತ್ತದೆ ಎಂದು ಹಿರಿಯರಿಗೆ ಸಮಾಧಾನ. ಆದರೆ ಅಣ್ಣ ಆಡಿದ ಮಾತು ಅವಳ ಎದೆಯಲ್ಲಿ ಹದಿನೈದು ವರ್ಷದಿಂದ ಮುಚ್ಚಿಟ್ಟಿದ್ದ ಜಾಗಕ್ಕೇ ಸರಿಯಾಗಿ ಹೋಗಿ ನಾಟಿತು. ಯಾಕೆಂದರೆ ಲೆಮೆತ್‌ನ ಮಗಳ ಹೆಸರೂ ರವ್ನಾ. ಇವಳದೇ ಹೆಸರು.

ನಮ್ಮಲ್ಲಿ ಮಗುವಿಗೆ ಹೆಸರಿಡುವುದೆಂದರೆ ಚೆಂದ ಕಂಡದ್ದನ್ನು ಆರಿಸುವುದಲ್ಲ. ಒಬ್ಬರ ಹೆಸರನ್ನು ಕೇಳಿ ಪಡೆಯುವುದು. ಆಮೇಲೆ ಆ ಇಬ್ಬರೂ ಒಬ್ಬರಿಗೊಬ್ಬರು ಗಾಯ್ಮಿ, ಅಂದರೆ ಹೆಸರಿನ ಜೊತೆಗಾರರು. ಹೆಸರಿನ ಜೊತೆಗೆ ಕೊಟ್ಟವರ ಗುಣವೂ ಬರುತ್ತದೆ, ಕೈಗುಣವೂ ಅದೃಷ್ಟವೂ ಬರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ನಂಬುವುದಿಲ್ಲ ಎನ್ನುವವರೂ ಹೆಸರಿಡುವಾಗ ಕುಡುಕನ ಹೆಸರನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹಿಂದೆಲ್ಲ ಮಗು ಸೊರಗಿದರೆ ಹೆಸರು ಹೊಂದಲಿಲ್ಲವೆಂದು ತೊಗಟೆ ಹಾಕಿ ಕಾಯಿಸಿದ ನೀರಿನಲ್ಲಿ ಮೀಯಿಸಿ, ಪಾದ್ರಿಗೆ ಗೊತ್ತಾಗದಂತೆ ಬೇರೆ ಹೆಸರು ಇಡುತ್ತಿದ್ದರಂತೆ.

ರವ್ನಾ ಹದಿನೇಳರಲ್ಲಿ ಒಂದು ಇಡೀ ಚಳಿಗಾಲ ಗೋಡೆ ಕಡೆ ತಿರುಗಿ ಮಲಗಿದ್ದವಳು. ಕರಾವಳಿಯ ಪಟ್ಟಣದಲ್ಲಿ ಓದಲು ಹೋಗಿ, ಅಲ್ಲಿನ ಹುಡುಗರು ಅವಳ ಮಾತಿನ ರಾಗವನ್ನು ಅಣಕಿಸಿದ್ದರಿಂದ ಊಟ ಬಿಟ್ಟು, ನಿದ್ದೆ ಬಿಟ್ಟು, ಕೊನೆಗೆ ಓದು ಬಿಟ್ಟು ಮನೆಗೆ ಬಂದಿದ್ದಳು. ಆ ಕತ್ತಲಿಗೆ ಮನೆಯಲ್ಲಿ ಯಾರೂ ಹೆಸರಿಡಲಿಲ್ಲ. "ಆ ಚಳಿಗಾಲ ರವ್ನಾಗೆ ಸುಸ್ತಾಗಿತ್ತು" ಎಂದಷ್ಟೇ ಇವತ್ತಿಗೂ ಮನೆಯ ಮಾತು. ಎರಡು ವರ್ಷದ ಮೇಲೆ ಲೆಮೆತ್ ಬಂದು ಮಗಳಿಗೆ ಅವಳ ಹೆಸರು ಕೇಳಿದಾಗ, ಏನೂ ಗೊತ್ತಿಲ್ಲದೆ ಕೇಳುತ್ತಿದ್ದಾನೆ ಪಾಪ ಎಂದುಕೊಂಡಳು. ಇಲ್ಲ ಎನ್ನಲು ಕಾರಣ ಹೇಳಬೇಕಿತ್ತು. ಕಾರಣ ಬಾಯಿಗೆ ಬರಲಿಲ್ಲ. ಹೂಂ ಎಂದುಬಿಟ್ಟಳು.

ಅಂದಿನಿಂದ ಅವಳು ಹುಡುಗಿಯಿಂದ ಒಂದು ಕೈ ದೂರವೇ ಇದ್ದಳು. ಕ್ರಿಸ್‌ಮಸ್ಸಿಗೆ ತಪ್ಪದೆ ಉಡುಗೊರೆ ಹೋಗುತ್ತಿತ್ತು. ಚರ್ಚಿನ ದೀಕ್ಷೆಯ ದಿನ ಊರೇ ತಿರುಗಿ ನೋಡುವಂಥ ಬೆಳ್ಳಿಯ ಪದಕ ಕೊಟ್ಟಳು. ಆದರೆ ಹತ್ತಿರ ಕರೆದು ಕೂರಿಸಿಕೊಳ್ಳಲಿಲ್ಲ. ತನ್ನ ಆ ಕತ್ತಲು ಹುಡುಗಿಗೆ ಇನ್ನಷ್ಟು ಅಂಟಿಕೊಂಡೀತು ಎಂದು ಭಯ. ಈಗ ಅಂಟಿಕೊಂಡೇ ಬಿಟ್ಟಿದೆ.

"ಅಮ್ಮ," ಎಂದಳು, ಕತ್ತರಿ ಮತ್ತೆ ಎತ್ತಿಕೊಂಡು, "ಶನಿವಾರ ಅವಳನ್ನ ಲೂಮಿ ಹಣ್ಣು ಕೀಳೋಕೆ ಕರ್ಕೊಂಡು ಹೋಗ್ತೀನಿ."

"ನಿನ್ನ ಜಾಗಕ್ಕಾ?" ಗುಟ್ನೆಲ್ ಕುರ್ಚಿಯಲ್ಲೇ ಪೂರ್ತಿ ತಿರುಗಿದಳು. "ನನಗೇ ತೋರಿಸಿಲ್ಲ ನೀನು!"

"ನೀನು ನಿನ್ನದು ತೋರಿಸಿದೀಯಾ?"

"ನಾನ್ಯಾಕೆ ತೋರಿಸ್ಲಿ?"

ಜೌಗು ನೆಲದಲ್ಲಿ ಬಿಡುವ ಕಿತ್ತಳೆ ಬಣ್ಣದ ಆ ಹಣ್ಣಿನ ವಿಷಯದಲ್ಲಿ ಕೌಟೊಕೈನೊದ ಸತ್ಯವಂತರೂ ಸುಳ್ಳು ಹೇಳುತ್ತಾರೆ. ಬಕೆಟ್ ತುಂಬಿಕೊಂಡು ಬರುವವರನ್ನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ದಕ್ಷಿಣಕ್ಕೆ ಹೋದವರು ಉತ್ತರಕ್ಕೆ ಕೈ ತೋರಿಸುತ್ತಾರೆ. ಗಂಡ ಹೆಂಡತಿಗೆ ಹೇಳುವುದಿಲ್ಲ. ಇಸ್ಸಾತ್ ಒಂದು ಸಲ ಹಿಂಬಾಲಿಸಿ ಬಂದದ್ದಕ್ಕೆ ರವ್ನಾ ಅವನನ್ನು ಸಂಜೆಯವರೆಗೆ ಬೇರೆ ಜೌಗಿನಲ್ಲಿ ಸುತ್ತಿಸಿ ಖಾಲಿ ಕೈಯಲ್ಲಿ ಮನೆಗೆ ಕರೆತಂದಿದ್ದಳು.

ಶನಿವಾರ ಅಣ್ಣನ ಮನೆಗೆ ಹೋದಾಗ ಲೆಮೆತ್ ಅಂಗಳದಲ್ಲಿ ನಾಲ್ಕು ಚಕ್ರದ ಬೈಕಿನ ಪಕ್ಕ ಮಲಗಿ ಏನೋ ತಿರುಗಿಸುತ್ತಿದ್ದ. ಎಣ್ಣೆ ಮೆತ್ತಿದ ಮುಖ, ಅದಕ್ಕಿಂತ ಹೆಚ್ಚಾಗಿ ದಣಿದ ಮುಖ.

"ಬಾರಮ್ಮ ಕೂದಲಮ್ಮ," ಎಂದ. "ಕರಡಿ ಒಳಗಿದೆ. ಎಬ್ಬಿಸಿದ್ರೆ ಬಹುಮಾನ ಕೊಡ್ತೀನಿ."

"ಏನು ಬಹುಮಾನ?"

"ಈ ಬೈಕು. ಸ್ಟಾರ್ಟ್ ಆದ್ರೆ."

ಒಳಗೆ ಕಿಟಕಿಗೆ ಕಂಬಳಿ ಕಟ್ಟಿತ್ತು. ಹಾಸಿಗೆಯಲ್ಲಿ ಗುಪ್ಪೆಯಾಗಿ ಬಿದ್ದಿದ್ದ ಹುಡುಗಿ ಬಾಗಿಲ ಸದ್ದಿಗೆ ಅಲುಗಲಿಲ್ಲ. ಜಡೆ ಬಿಚ್ಚಿ ಎಷ್ಟು ದಿನವಾಗಿತ್ತೋ. ರವ್ನಾಳ ಬೆರಳುಗಳಿಗೆ ಅಭ್ಯಾಸಬಲದಿಂದ ಬಾಚಣಿಗೆ ಬೇಕೆನಿಸಿತು. ಬಾಗಿಲಿನಿಂದಲೇ ಓಡಿಹೋಗಬೇಕೆನಿಸಿತು. ಓಡಲಿಲ್ಲ.

"ಗಾಯ್ಮಿ," ಎಂದಳು. "ನನ್ನ ಲೂಮಿ ಜಾಗ ತೋರಿಸ್ತೀನಿ. ಬರ್ತೀಯಾ?"

ಗುಪ್ಪೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಒಂದು ಕಣ್ಣು ಹೊರಬಂತು.

"ನಿಜವಾದ್ದಾ? ಇಸ್ಸಾತ್ ಮಾವನಿಗೆ ತೋರಿಸಿದ್ದಾ?"

"ನಿಜವಾದ್ದು."

"ಯಾಕೆ?"

"ನನಗೇನಾದ್ರೂ ಆದ್ರೆ ಅಷ್ಟು ಹಣ್ಣು ನಿಮ್ಮಜ್ಜಿ ಪಾಲಾಗುತ್ತಲ್ಲ, ಅದಕ್ಕೆ."

ಹುಡುಗಿ ನಗಲಿಲ್ಲ. ಆದರೆ ಎದ್ದು ಕೂತಳು, ಸಾಕ್ಸು ಹುಡುಕಿದಳು. ಅಂಗಳದಲ್ಲಿ ಲೆಮೆತ್ ಮಗಳು ಹೊರಬಂದದ್ದನ್ನು ನೋಡಿ ಬಾಯಿ ತೆರೆದ. ರವ್ನಾ ಅವನ ಕಡೆ ಕಣ್ಣು ಬಿಟ್ಟಳು. ಅವನು ಬಾಯಿ ಮುಚ್ಚಿ ಬೈಕಿನ ಕೆಳಗೆ ತಲೆ ತೂರಿಸಿದ.

ಕಾರು ಬಿಟ್ಟು, ಕುಳ್ಳ ಬರ್ಚ್ ಮರಗಳ ನಡುವೆ ನಡೆದು, ಒಂದು ದಿಣ್ಣೆ ಹತ್ತಿ ಇಳಿದರೆ ರವ್ನಾಳ ಜೌಗು. ಹಣ್ಣು ಕಾಲಿಟ್ಟಲ್ಲೆಲ್ಲ ಹೊಳೆಯುತ್ತಿತ್ತು. ಸೊಳ್ಳೆಗಳೂ ಅಷ್ಟೇ ಇದ್ದವು. ಇಬ್ಬರೂ ಬೆನ್ನು ಬಗ್ಗಿಸಿ ಕಿತ್ತರು. ಹುಡುಗಿ ಮೊದಲು ನಿದ್ದೆಗಣ್ಣಿನಲ್ಲಿ ಒಂದೊಂದೇ ಕೀಳುತ್ತಿದ್ದವಳು, ಬರುಬರುತ್ತ ಎರಡು ಬಕೆಟಿಗೆ ಒಂದು ಬಾಯಿಗೆ ಎನ್ನುವ ಲೆಕ್ಕಕ್ಕೆ ಬಂದಳು. ಬಗ್ಗಿಕೊಂಡು ಕೆಲಸ ಮಾಡುವಾಗ ಮುಖ ಕಾಣುವುದಿಲ್ಲ. ಮಾತಾಡಲು ಸುಲಭ. ಆದರೂ ಬಕೆಟ್ ತುಂಬುವವರೆಗೂ ರವ್ನಾ ಬಾಯಿ ಬಿಡಲಿಲ್ಲ.

ಬೆಂಕಿ ಹಾಕಿ, ಮಸಿ ಹಿಡಿದ ಕೆಟಲಿನಲ್ಲಿ ಕಾಫಿ ಕುದಿಸಿ, ನಮ್ಮ ಕಡೆಯ ರೂಢಿಯಂತೆ ಅದಕ್ಕೆ ಚೀಸಿನ ತುಂಡು ಹಾಕಿ ಕೊಟ್ಟ ಮೇಲೆ ಹೇಳಿದಳು.

"ನೋಡು, ನಿಮ್ಮಪ್ಪ ತಮಾಷೆಗೆ ಅಂದ್ನಂತೆ, ಹೆಸರು ತೊಳೆಯೋಣ ಅಂತ. ನಾನು ತಮಾಷೆಗೆ ಹೇಳ್ತಿಲ್ಲ. ನಿನಗೆ ಬೇಕಿದ್ರೆ ತೊಳೆದುಬಿಡೋಣ. ಹೇಗೆ ಅಂತ ಅಜ್ಜಿಗೆ ಗೊತ್ತು. ನನಗೇನೂ ಬೇಜಾರಿಲ್ಲ."

ಹುಡುಗಿ ಲೋಟ ಕೆಳಗಿಟ್ಟಳು. ಮುಖ ಕೆಂಪಾಯಿತು. "ನನಗೆ ಗೊತ್ತಿತ್ತು."

"ಏನು?"

"ನಿನಗೆ ನಾನಂದ್ರೆ ಇಷ್ಟ ಇಲ್ಲ ಅಂತ. ಬೇರೆಯವರ ಗಾಯ್ಮಿಗಳು ಅವರ ಮನೇಲೇ ಬಿದ್ದಿರ್ತಾರೆ. ನೀನು ಪದಕ ಕೊಟ್ಟೆ, ಒಂದು ದಿನಾನೂ ಬಾ ಅಂದಿಲ್ಲ. ಈಗ ಹೆಸರೂ ವಾಪಸ್ ಬೇಕಾ?"

ಇಷ್ಟು ವರ್ಷ ರವ್ನಾ ತಾನು ಕಾಪಾಡುತ್ತಿದ್ದೇನೆಂದು ಅಂದುಕೊಂಡದ್ದು ಹುಡುಗಿಯ ಕಡೆಯಿಂದ ನೋಡಿದರೆ ಹೀಗಿತ್ತು.

"ಇಲ್ಲ ಕಣೇ, ಇಲ್ಲ," ಎಂದಳು. ಮುಂದೆ ತಡೆಯಲಿಲ್ಲ. ಸಲೂನಿನ ಕುರ್ಚಿಯಲ್ಲಿ ಕೂತವರ ಹಾಗೆ ಎಲ್ಲ ಹೇಳಿಬಿಟ್ಟಳು. ಪಟ್ಟಣದ ಹುಡುಗರು, ಬಾಡಿಗೆ ಕೋಣೆ, ಗೋಡೆಯ ಕಾಗದದ ಮೇಲಿನ ಹೂವುಗಳು ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುವುದು, ಬದುಕಿ ಏನಾಗಬೇಕು ಎಂದು ದಿನವೂ ಅನ್ನಿಸುತ್ತಿದ್ದುದು. "ಅದು ನನ್ನ ಹೆಸರಿನ ಜೊತೆ ನಿನಗೆ ಬಂತೇನೋ ಅಂತ ಭಯ ನನಗೆ. ನೀನು ಹುಟ್ಟಿದಾಗಿಂದ."

ಹುಡುಗಿ ಅವಳ ಕಡೆ ತಿರುಗಿ ಕೂತಳು. "ನಿನಗಾ?" ಎಂದಳು. "ನಿನಗೆ ಹಾಗಾಗಿತ್ತಾ? ಎದೆ ಮೇಲೆ ಯಾರೋ ಒದ್ದೆ ಚರ್ಮ ಹೊದಿಸಿದ ಹಾಗೆ?"

"ಹಾಗೇ. ತೆಗೆಯೋಕೆ ಕೈನೇ ಬರಲ್ಲ."

"ಹೂಂ. ಕೈನೇ ಬರಲ್ಲ." ಹುಡುಗಿಯ ಕಣ್ಣು ತುಂಬಿತು. ಸೊಳ್ಳೆ ಓಡಿಸುವ ನೆಪದಲ್ಲಿ ಒರೆಸಿಕೊಂಡಳು. "ಆಮೇಲೆ ಹೇಗೆ ಹೋಯ್ತು?"

"ಅಮ್ಮ ಕರಾಶೋಕ್‌ಗೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ಲು. ನಮ್ಮ ಮಾತೇ ಆಡೋ ಡಾಕ್ಟರು. ಮೊದಲ ಎರಡು ಸಲ ಅತ್ತಿದ್ದು ಬಿಟ್ರೆ ಏನೂ ಮಾಡ್ಲಿಲ್ಲ. ಆಮೇಲಾಮೇಲೆ ಮಾತು ಬಂತು. ಊರಲ್ಲಿ ಕೇಳಿದವರಿಗೆಲ್ಲ ಅಮ್ಮ, ಹಲ್ಲು ತೋರಿಸೋಕೆ ಅಂತಿದ್ಲು."

"ಅಯ್ಯೋ! ಅದಕ್ಕೇನಾ? ನಿಮ್ಮತ್ತೆಗೆ ಚಿಕ್ಕವಳಿದ್ದಾಗ ಒಂದು ಹಲ್ಲೂ ಸರಿ ಇರ್ಲಿಲ್ಲ, ಸಿಹಿ ತಿನ್ಬೇಡ ಅಂತ ನನಗೆ ಇವತ್ತಿಗೂ ಹೇಳ್ತಾರೆ ಎಲ್ರೂ!"

"ಇಡೀ ಫಿನ್‌ಮಾರ್ಕ್ ಜಿಲ್ಲೇಲೇ ಅಷ್ಟು ಕೆಟ್ಟ ಹಲ್ಲು ಯಾರಿಗೂ ಇರ್ಲಿಲ್ಲ," ಎಂದಳು ರವ್ನಾ, ಒಂದೂ ಹುಳುಕಿಲ್ಲದ ಹಲ್ಲುಗಳನ್ನು ಪೂರ್ತಿ ತೋರಿಸಿ. ಹುಡುಗಿಗೆ ನಗು ಬಂತು. ತುಕ್ಕು ಹಿಡಿದ ಬಾಗಿಲಿನಂಥ ನಗು, ಆದರೂ ನಗು. "ಇಪ್ಪತ್ತೈದರಲ್ಲಿ ಇನ್ನೊಂದ್ಸಲ ಬಂದಿತ್ತು. ಆಗ ನಾನೇ ಕಾರು ತಗೊಂಡು ಹೋದೆ. ಗುರುತಿತ್ತಲ್ಲ ಅದರ ಮುಖ. ಅಷ್ಟು ದಿನ ಇರ್ಲಿಲ್ಲ ಆಗ."

ಹುಡುಗಿ ಕೋಲಿನಿಂದ ಬೆಂಕಿ ಕೆದಕುತ್ತ ಕೂತಳು. ಏನೋ ಕೂಡಿ ಕಳೆಯುತ್ತಿರುವವಳ ಹಾಗಿತ್ತು ಮುಖ.

"ಹಾಗಾದ್ರೆ ತೊಳೆಯೋದು ಬೇಡ," ಎಂದಳು.

"ಯಾಕೆ?"

"ನಿನ್ನ ಹೆಸರಿನ ಜೊತೆ ಆ ಚಳಿಗಾಲ ಬರೋದಾದ್ರೆ, ಆಮೇಲಿಂದೂ ಬರ್ಬೇಕು ತಾನೇ? ಅರ್ಧ ಮಾತ್ರ ಯಾಕೆ ಬರುತ್ತೆ? ಈ ದಪ್ಪ ಆಗೋದು, ಕಾರಲ್ಲಿ ಕಿರುಚ್ಕೊಂಡು ಹಾಡೋದು, ಇಸ್ಸಾತ್ ಮಾವನ್ನ ಜೌಗೆಲ್ಲ ಸುತ್ತಿಸೋದು... ಎಲ್ಲಾನೂ ತೊಳೆದು ಹಾಕಿ ಆಮೇಲೆ ನನಗೆ ಯಾರ ಹೆಸರು ಇಡ್ತೀರ? ಮಾರ್ಗ್ಗೆತ್ ಅಜ್ಜಿದಾ? ಅವಳು ಜೀವಮಾನದಲ್ಲಿ ನಕ್ಕಿಲ್ಲ."

ಹದಿನೈದು ವರ್ಷ ಈ ಮಾತು ತನ್ನ ತಲೆಗೆ ಯಾಕೆ ಹೊಳೆಯಲಿಲ್ಲ ಎಂದು ರವ್ನಾ ಬೆಪ್ಪಾಗಿ ಕೂತಳು. ತನ್ನ ಹೆಸರೆಂದರೆ ಆ ಒಂದು ಚಳಿಗಾಲವಷ್ಟೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅದರ ಮೇಲೆ ಬಂದ ವಸಂತಗಳನ್ನು, ತಾನು ಅಷ್ಟು ಸಲೀಸಾಗಿ ಬದುಕಿಕೊಂಡು ಬಂದದ್ದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಆದ್ರೆ ಹೆಸರೊಂದೇ ಸಾಲಲ್ಲ ಗಾಯ್ಮಿ," ಎಂದಳು ಆಮೇಲೆ. "ಡಾಕ್ಟರ ಹತ್ರ ಹೋಗ್ಬೇಕು. ನಾನು ಬರ್ತೀನಿ."

"ಹಲ್ಲು ತೋರಿಸೋಕಾ?"

"ಅಲ್ಲ. ಇವತ್ತು ಸಂಜೆ ಮನೇಲಿ ಎಲ್ರಿಗೂ ಬಾಯಿಬಿಟ್ಟು ಹೇಳ್ತೀನಿ. ನನ್ನದು. ನಿನ್ನದು ನೀನು ಹೇಳೋದಾದ್ರೆ ಹೇಳು, ಇಲ್ದಿದ್ರೆ ಬೇಡ."

ಹೇಳುತ್ತೇನೆ ಎನ್ನುವುದು ಸುಲಭವಾಗಿತ್ತು. ಲೆಮೆತ್‌ನ ಅಡುಗೆಮನೆಯಲ್ಲಿ ಮೇಜಿನ ಸುತ್ತ ಕೂತು ಹಣ್ಣಿನಿಂದ ಎಲೆ, ಕಡ್ಡಿ ಆರಿಸುವಾಗ ಅವಳು ಎಲೆಯ ಬದಲು ಹಣ್ಣನ್ನೇ ಎಸೆಯುತ್ತಿದ್ದಳು. ಗುಟ್ನೆಲ್ ಬಕೆಟಿನೊಳಗೆ ಇಣುಕಿ, "ಇಷ್ಟೊಂದಾ! ಹೊಳೆಯ ಆಚೆ ಕಡೆನಾ?" ಎಂದಳು.

"ಈಚೆ ಕಡೆ," ಎಂದಳು ಹುಡುಗಿ ಕಣ್ಣು ಮಿಟುಕಿಸದೆ.

"ಅಂದ್ರೆ ಆಚೆ ಕಡೆ," ಎಂದ ಲೆಮೆತ್.

"ಅಣ್ಣ," ಎಂದಳು ರವ್ನಾ. "ನನಗೆ ಆ ಚಳಿಗಾಲ ಸುಸ್ತಾಗಿದ್ದಲ್ಲ. ಮನಸ್ಸಿಗೆ ಕಾಯಿಲೆ ಆಗಿತ್ತು. ಕರಾಶೋಕ್‌ಗೆ ಹೋಗ್ತಿದ್ದದ್ದು ಹಲ್ಲಿಗಲ್ಲ. ನೀನು ಹೆಸರು ಕೇಳಿದಾಗಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಗುಟ್ನೆಲ್ ಆರಿಸಿದ ಹಣ್ಣನ್ನೇ ಮತ್ತೆ ಮತ್ತೆ ಆರಿಸುತ್ತಿದ್ದಳು. ಲೆಮೆತ್ ಬೆರಳಿಗೆ ಅಂಟಿದ ರಸವನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹಲ್ಲಿಗಲ್ಲ ಅಂತ ಗೊತ್ತಿತ್ತು," ಎಂದ.

"ಏನು?"

"ಹಲ್ಲು ನೋವಿರೋಳು ಕರಾಶೋಕ್‌ನಿಂದ ಬರ್ತಾ ದಾರೀಲಿ ಒಣಮಾಂಸ ಅಗೀತಾಳಾ? ಕಾರಿನ ತುಂಬ ಚೂರು ಬಿದ್ದಿರ್ತಿತ್ತು. ಗುಡಿಸ್ತಿದ್ದವನು ನಾನು." ಅವನು ಮೇಜನ್ನು ನೋಡುತ್ತಲೇ ಮುಂದುವರಿಸಿದ. "ಆಗ ನಿನಗೂ ನಾನು ಬಾಗಿಲ ಹತ್ರ ನಿಂತು ಕರಡಿ ಅದು ಇದು ಅಂತ ಕೂಗ್ತಿದ್ದೆನಲ್ಲ. ಬೇರೆ ಏನ್ ಹೇಳ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ. ಈಗ್ಲೂ ಗೊತ್ತಾಗಲ್ಲ. ಒಂದಿನ ನೀನೇ ಎದ್ದು ಬಂದು ಹಿಮಸಾರಂಗ ಕೂಡೋ ಬೇಲಿ ಹತ್ರ ನನ್ನ ಜೊತೆ ಹಗ್ಗ ಹಿಡಿದೆ. ಮಗು ಹುಟ್ಟಿದಾಗ ಅದಕ್ಕೇ ನಿನ್ನ ಹೆಸರು ಕೇಳಿದ್ದು. ಮಲಗಿದ್ದಕ್ಕಲ್ಲ. ಎದ್ದಿದ್ದಕ್ಕೆ."

ಊರಿನ ಮಾತನ್ನೆಲ್ಲ ಕೇಳಿದ ರವ್ನಾಳಿಗೆ ಸ್ವಂತ ಅಣ್ಣನ ಈ ಮಾತು ಇಷ್ಟು ವರ್ಷ ಕೇಳಿಸಿರಲಿಲ್ಲ, ಯಾಕೆಂದರೆ ಇಬ್ಬರೂ ಒಬ್ಬರನ್ನೊಬ್ಬರು ಕೇಳಿರಲಿಲ್ಲ.

"ಮತ್ತೆ ತೊಳೆಯೋಣ ಅಂದ್ಯಂತೆ?" ಎಂದಳು.

"ತಮಾಷೆ ಮಾಡಿದೆ ಮಾರಾಯ್ತಿ. ಹೆದರಿಕೆ ಆದಾಗ ನನ್ನ ಬಾಯಿಗೆ ಅದೊಂದೇ ಬರೋದು."

"ಅಪ್ಪ," ಎಂದಳು ಹುಡುಗಿ. ಎಲ್ಲರೂ ತಿರುಗಿದರು. "ನನಗೂ ಅದೇ ಆಗಿದೆ. ಗಾಯ್ಮಿಗೆ ಆಗಿದ್ದೇ. ನೀನು ಕರಡಿ ಅನ್ನೋದು ನಿಲ್ಸು."

"ನಿಲ್ಸಿದೆ," ಎಂದ ಲೆಮೆತ್ ತಕ್ಷಣ. "ಮೊಲ ಅನ್ನಬಹುದಾ?"

"ಅದೂ ಬೇಡ. ಒಂದು ತಿಂಗಳು ಯಾವ ಪ್ರಾಣೀನೂ ಬೇಡ."

"ಮೀನು?"

"ಅಪ್ಪಾ!"

ಹುಡುಗಿಯ ಸ್ವರದಲ್ಲಿ ಸಿಟ್ಟಿತ್ತು. ಎಷ್ಟೋ ವಾರದ ಮೇಲೆ ತಿರುಗಿ ಮಾತು ಹಾಕಿದ್ದಳು. ಲೆಮೆತ್‌ನ ಬಿಗಿದಿದ್ದ ಭುಜ ಸಡಿಲವಾಯಿತು. ಎದ್ದು ಹೊರಗೆ ಹೋಗುವವನ ಹಾಗೆ ಮಾಡಿ, ಹೋಗದೆ, ಮಗಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. ಆ ಡಾಕ್ಟರು ಈಗಲೂ ಇದ್ದಾರಾ ಎಂದು ಕೇಳಿದ. ಅವರು ನಿವೃತ್ತರಾಗಿದ್ದಾರೆ, ಅವರ ಜಾಗದಲ್ಲಿ ಬಂದಿರುವವಳೂ ನಮ್ಮ ಮಾತಿನವಳೇ, ಸೋಮವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ ಎಂದಳು ರವ್ನಾ. ಸಲೂನು? ಮುಚ್ಚಿದರಾಯಿತು. ಒಂದು ದಿನ ಊರಿನ ಕೂದಲು ಬೆಳೆಯಲಿ.

"ನಾನೂ ಬರ್ತೀನಿ, ಕಾರು ನಾನು ಓಡಿಸ್ತೀನಿ," ಎಂದ ಲೆಮೆತ್.

"ನನಗೂ ಅಲ್ಲಿ ಅಂಗಡೀಲಿ ನೂಲು ತಗೋಬೇಕು," ಎಂದಳು ಗುಟ್ನೆಲ್.

"ಇದೇನು ಮದುವೆ ದಿಬ್ಬಣನಾ?" ಎಂದಳು ಹುಡುಗಿ. "ಗಾಯ್ಮಿ ಒಬ್ಬಳು ಸಾಕು."

ಗುಟ್ನೆಲ್‌ಗೆ ಇನ್ನೊಂದು ಚಿಂತೆ ಉಳಿದಿತ್ತು. ಹಣ್ಣು ಆರಿಸುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಮೆಲ್ಲಗೆ ಕೇಳಿದಳು. "ಅಲ್ಲ, ಪಕ್ಕದ ಮನೆಯವಳು ಕಾರು ಹೋಗಿದ್ದು ನೋಡೇ ನೋಡ್ತಾಳೆ. ಎಲ್ಲಿಗೆ ಅಂತ ಕೇಳಿದ್ರೆ ಏನನ್ಲಿ?"

ರವ್ನಾ ಹುಡುಗಿಯನ್ನು ನೋಡಿದಳು. ಹುಡುಗಿ ಇನ್ನೊಂದು ಹಣ್ಣಿನ ಎಲೆ ಕಿತ್ತಳು.

"ಮೊಮ್ಮಗಳಿಗೆ ಮನಸ್ಸಿಗೆ ಹುಷಾರಿಲ್ಲ, ಡಾಕ್ಟರ ಹತ್ರ ಹೋಗಿದಾಳೆ ಅನ್ನು ಅಜ್ಜಿ."

ಗುಟ್ನೆಲ್ ತುಟಿಯೊಳಗೇ ಅದನ್ನು ಹೇಳಿ ನೋಡಿದಳು. ಮೊದಲ ಸಲ ಅರ್ಧಕ್ಕೇ ತಡವರಿಸಿದಳು. ನೀರು ಕುಡಿದು, ಕಿಟಕಿಯ ಕಡೆಗೆ, ಪಕ್ಕದ ಮನೆಯವಳು ಅಲ್ಲೇ ನಿಂತಿದ್ದಾಳೋ ಎನ್ನುವ ಹಾಗೆ ಮುಖ ಮಾಡಿ, ಇನ್ನೊಂದು ಸಲ ಪೂರ್ತಿ ಹೇಳಿದಳು. ಈ ಸಲ ಸರಿಯಾಗಿಯೇ ಬಂತು.